ಕಾಸರಗೋಡು ಸೀಮೆ: ನೆಲ, ನೀರು, ಮೇರೆ

ನಮ್ಮ ಶಾಲೆಯ ಎಂಟನೆಯ ತರಗತಿಯ ಕೋಣೆಯಲ್ಲಿ ಕೇರಳ ರಾಜ್ಯದ ಒಂದು ದೊಡ್ಡ ಭೂಪಟ ತೂಗುತ್ತಿದೆ. ರಾಜ್ಯದ ಒಳಭಾಗಕ್ಕೆ ಹಸುರು, ಹಳದಿ, ಕಂದು ಬಣ್ಣಗಳನ್ನು ಹಚ್ಚಿದ್ದಾರೆ. ಮೇರೆಯ ಆಚೆಗೆ ಬರಿಯ ಬಿಳಿಯ ಕಾಗದ. ಕೆಲವು ವರ್ಷಗಳ ಕೆಳಗೆ ನಾವು ಅಲ್ಲಿ ಹೊಳೆಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಮಾಷ್ಟ್ರೇ, ಪಯಸ್ವಿನಿ ಈ ಗೆರೆಯಲ್ಲಿಯೇ ಹುಟ್ಟುವುದಾ? ನಮ್ಮ ಮಾವನ ಮನೆಯ ಹಿಂದೆಯೂ ಅದೇ ಹೊಳೆ ಉಂಟು. ಆದರೆ ಅವರ ಮನೆ ಇರುವುದು ಸುಳ್ಯದಲ್ಲಿ.”

ಪ್ರಶ್ನೆ ಚಿಕ್ಕದು. ಆದರೆ ಗಡಿನಾಡಿನ ಶಿಕ್ಷಕರಾದ ನಮ್ಮನ್ನು ಅದು ಬಹಳ ಕಾಲ ಬಿಡಲಿಲ್ಲ. ಕಚೇರಿಯ ಗೆರೆಯನ್ನು ನಾವು ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದೇವೆ. ಹೊಳೆಯ ಗೆರೆಯನ್ನು ಕಲಿಸಿದ್ದೇವೆಯೇ? ಈ ಸೀಮೆಯ ಆಡಳಿತದ ಮೇರೆಗಳು ಕಳೆದ ನಾನೂರು ವರ್ಷಗಳಲ್ಲಿ ಹಲವು ಬಾರಿ ಬದಲಾಗಿವೆ. ಘಟ್ಟದಿಂದ ಕಡಲಿನವರೆಗೆ ನೆಲವೂ ನೀರೂ ಜನರನ್ನು ಹೆಣೆದುಕೊಂಡು ಬಂದ ಬಗೆ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಆ ಹೆಣಿಗೆಯ ನೆನಪನ್ನು ಕಾಗದಪತ್ರಗಳಿಗಿಂತ ಹೆಚ್ಚಾಗಿ ಉಳಿಸಿಕೊಂಡು ಬಂದಿರುವುದು ನಮ್ಮ ಊರುಗಳ ಹೆಸರುಗಳು. ಈ ಮಾತನ್ನು ತೋರಿಸಿಕೊಡುವುದೇ ಪ್ರಕೃತ ಲೇಖನದ ಉದ್ದೇಶ.

ಈಗಿನ ಮೇರೆ

ಕಾಸರಗೋಡು ಕೇರಳದ ಉತ್ತರದ ತುದಿಯ ಜಿಲ್ಲೆ. 1984ನೆಯ ಇಸವಿ ಮೇ 24ರಂದು, ಅದುವರೆಗೆ ಕಣ್ಣೂರು ಜಿಲ್ಲೆಗೆ ಸೇರಿದ್ದ ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳನ್ನು ಕೂಡಿಸಿ ಇದನ್ನು ರಚಿಸಲಾಯಿತು. ಉತ್ತರಕ್ಕೆ ದಕ್ಷಿಣ ಕನ್ನಡ ಜಿಲ್ಲೆ, ಮೂಡಲಿಗೆ ದಕ್ಷಿಣ ಕನ್ನಡವೂ ಕೊಡಗೂ, ತೆಂಕಲಿಗೆ ಕಣ್ಣೂರು, ಪಡುವಲಿಗೆ ಅರಬಿ ಸಮುದ್ರ. ವಿಸ್ತೀರ್ಣ ಸುಮಾರು 1992 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 13,07,375. ಮಂಜೇಶ್ವರ, ವೆಳ್ಳರಿಕುಂಡು ಎಂಬ ಎರಡು ಹೊಸ ತಾಲ್ಲೂಕುಗಳು 2013–14ರಲ್ಲಿ ರೂಪುಗೊಂಡುದರಿಂದ ಈಗ ತಾಲ್ಲೂಕುಗಳು ನಾಲ್ಕು.

ಇದು ಸರಕಾರಿ ವಿವರಣೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನು ಬಾಯಿಪಾಠ ಮಾಡಿದ ಹುಡುಗನಿಗೆ ತನ್ನ ಮನೆಯ ಬಾವಿಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ನೀರು ಯಾಕೆ ಇಳಿಯುತ್ತದೆ, ಮೇಲಣ ಗುಡ್ಡದ ಮೇಲೆ ಹುಲ್ಲಲ್ಲದೆ ಬೇರೇನೂ ಯಾಕೆ ಬೆಳೆಯುವುದಿಲ್ಲ, ಕಡಲಕರೆಯ ಕೋಟೆಯ ಬಳಿ ಕನ್ನಡ ಮನೆಮಾತಿನ ಕೇರಿಯೊಂದು ಹೇಗೆ ಬಂತು ಎಂಬುದು ತಿಳಿಯುವುದಿಲ್ಲ. ಅದಕ್ಕೆ ನೆಲವನ್ನು ಓದಬೇಕು.

ನೆಲದ ಮೂರು ಮೆಟ್ಟಿಲು

ಕಡಲಿನಿಂದ ಮೂಡಲಿಗೆ ನಡೆದರೆ ಈ ಸೀಮೆ ಮೂರು ಮೆಟ್ಟಿಲುಗಳಾಗಿ ಏರುತ್ತದೆ. ಮೊದಲನೆಯದು ಹೊಯಿಗೆಯ ಕರಾವಳಿ: ತೆಂಗಿನ ತೋಪುಗಳು, ಮೀನುಗಾರರ ಕೇರಿಗಳು, ಅಳಿವೆಗಳ ಉಪ್ಪುನೀರು. ತೆಂಗಿನ ಸಂಶೋಧನಾ ಕೇಂದ್ರವನ್ನು 1916ರಲ್ಲಿಯೇ ಕಾಸರಗೋಡಿನಲ್ಲಿ ಸ್ಥಾಪಿಸಿದುದು ಈ ನೆಲದ ಗುಣವನ್ನು ಕಂಡೇ. ಅದು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ಎರಡನೆಯ ಮೆಟ್ಟಿಲು ಮುರಕಲ್ಲಿನ ಗುಡ್ಡಗಳು. ಸೀಮೆಯ ಜೀವ ಇರುವುದು ಇಲ್ಲಿಯೇ. ನೆಲದೊಳಗಿರುವಾಗ ಕತ್ತಿಯಿಂದ ಕೊಯ್ಯುವಷ್ಟು ಮೆತ್ತಗಿದ್ದು, ಗಾಳಿಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕೆಂಪುಕಲ್ಲಿಗೆ ವಿಜ್ಞಾನಿಗಳು ಇಟ್ಟ ಹೆಸರು ಲ್ಯಾಟರೈಟ್. ಆ ಹೆಸರಿನ ಹುಟ್ಟಿಗೂ ನಮ್ಮ ಸೀಮೆಗೂ ಒಂದು ದಾರಿಯ ನಂಟುಂಟು. ಟಿಪ್ಪೂಸುಲ್ತಾನನ ಪತನಾನಂತರ ಕುಂಪಣಿ ಸರಕಾರದ ಅಪ್ಪಣೆಯಂತೆ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆಯಂತೆ ಕೊಯ್ಯಬರುವ ಕಾರಣ ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದಲೇ ಅದಕ್ಕೆ ಹೆಸರು ಕೊಟ್ಟನು. ಅದೇ ಪ್ರವಾಸದಲ್ಲಿ ಅವನು 1801ರ ಆರಂಭದಲ್ಲಿ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರಗಳನ್ನು ಹಾದು ಮಂಗಳೂರಿಗೆ ಹೋದನು. ಅವನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ಲೋಕದ ಭೂವಿಜ್ಞಾನಕ್ಕೆ ಹೊಸ ಶಬ್ದವಾಗಿ ಹೋದ ಕಲ್ಲು ನಮ್ಮ ಜನರಿಗೆ ಮನೆಯ ಗೋಡೆಯಾಗಿಯೂ ಬಾವಿಯ ಕಟ್ಟೆಯಾಗಿಯೂ ಅದಕ್ಕೆ ಮುಂಚೆಯೇ ಚಿರಪರಿಚಿತವಾಗಿತ್ತು.

ಈ ಗುಡ್ಡಗಳ ನೆತ್ತಿ ಮೊನಚಾಗಿರುವುದಿಲ್ಲ, ಹಾಸುಗಲ್ಲಿನಂತೆ ಚಪ್ಪಟೆಯಾಗಿರುತ್ತದೆ. ವಿಶಾಲವಾಗಿ ಹರಡಿದ್ದರೆ ನಾವು ಅದನ್ನು ‘ಪದವು’ ಎನ್ನುತ್ತೇವೆ. ಗಟ್ಟಿನೆಲದ ಬಯಲಾಗಿದ್ದು ಕೃಷಿಗೆ ಒದಗದಿದ್ದರೆ ‘ಅಡ್ಕ’ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಹುಲ್ಲೂ ಸಣ್ಣ ಹೂಗಳೂ ತುಂಬಿ ನಿಂತು, ದೀಪಾವಳಿ ಕಳೆದ ಮೇಲೆ ಒಣಗುತ್ತವೆ. ಗುಡ್ಡದ ಬುಡದಲ್ಲಿ ಗದ್ದೆ. ಗದ್ದೆಗೂ ನಮ್ಮ ಹಿರಿಯರು ಮೂರು ಹೆಸರುಗಳನ್ನಿಟ್ಟಿದ್ದರು. ಎಲ್ಲಕ್ಕಿಂತ ತಗ್ಗಿನದು ಬೈಲು, ಅಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ನಡುವಣದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು, ಮಳೆಯನ್ನೇ ನಂಬಿದ ಒಂದು ಬೆಳೆ. ಗದ್ದೆಯ ಹೆಸರು ಕೇಳಿದೊಡನೆ ಅದರಲ್ಲಿ ನೀರು ಎಷ್ಟು ತಿಂಗಳು ನಿಲ್ಲುವುದೆಂದು ತಿಳಿಯುತ್ತಿತ್ತು. ಕಂದಾಯ ಕಟ್ಟುವವರೂ ಕೂಡ ಇದೇ ಲೆಕ್ಕವನ್ನು ಹಿಡಿದರು.

ಮೂರನೆಯ ಮೆಟ್ಟಿಲು ಘಟ್ಟದ ತಪ್ಪಲು. ಅಡೂರು, ಬಂದಡ್ಕ, ಪಾಣತ್ತೂರುಗಳ ಕಡೆ ಕಾಡು ದಟ್ಟವಾಗುತ್ತದೆ, ಆಚೆಗೆ ಕೊಡಗು. 1940ರ ದಶಕದಿಂದ ಈಚೆಗೆ ತಿರುವಿತಾಂಕೂರಿನ ರೈತರು ದೊಡ್ಡ ಸಂಖ್ಯೆಯಲ್ಲಿ ಬಂದು ತೆಂಕಣ ಬೆಟ್ಟಗಳಲ್ಲಿ ನೆಲೆಸಿದರು. ರಾಜಪುರದ ವಸತಿ 1943ರದು. ರಬ್ಬರು, ಕರಿಮೆಣಸು, ಮರಗೆಣಸುಗಳ ಆ ಸೀಮೆಯ ಮುಖವೇ ಅಂದಿನಿಂದ ಬೇರೆಯಾಯಿತು. ಮಾಡತ್ತುಮಲ ಎಂಬ ಬೆಟ್ಟ ರಾಣಿಪುರವಾದುದು ಈ ವಲಸೆಯ ಕಥೆಯ ಒಂದು ಸಾಲು.

ಹೊಳೆಗಳು

ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿ ಹರಿಯುತ್ತವೆ ಎಂದು ಲೆಕ್ಕ. ಇಷ್ಟು ಕಿರಿದಾದ ನೆಲಕ್ಕೆ ಇಷ್ಟು ಹೊಳೆಗಳು ಬೇರೆಡೆ ಕಾಣುವುದು ಅಪರೂಪ. ಬಡಗಣ ತುದಿಯ ಮಂಜೇಶ್ವರ ಹೊಳೆ ಕೇವಲ 16 ಕಿಲೋಮೀಟರು ಉದ್ದವಾಗಿದ್ದು ರಾಜ್ಯದಲ್ಲಿಯೇ ಅತಿ ಚಿಕ್ಕದೆನಿಸಿದೆ. ಅದರಿಂದ ತೆಂಕಲಿಗೆ ಉಪ್ಪಳ ಹೊಳೆ 50, ಶಿರಿಯ ಹೊಳೆ 67, ಮಧುವಾಹಿನಿಯೆಂದೂ ಕರೆಯಲ್ಪಡುವ ಮೊಗ್ರಾಲು ಹೊಳೆ 34 ಕಿಲೋಮೀಟರು. ಎಲ್ಲಕ್ಕೂ ದೊಡ್ಡದು 105 ಕಿಲೋಮೀಟರಿನ ಚಂದ್ರಗಿರಿ. ಅದರಾಚೆ ಚಿತ್ತಾರಿ, ನೀಲೇಶ್ವರ ಹೊಳೆಗಳು ಮತ್ತು ತೇಜಸ್ವಿನಿ ಎಂಬ ಚೆಲುವಾದ ಹೆಸರಿನ ಕಾರ್ಯಂಗೋಡು ಹೊಳೆ.

ಇವುಗಳಲ್ಲಿ ಉಪ್ಪಳ, ಶಿರಿಯ, ಚಂದ್ರಗಿರಿ, ತೇಜಸ್ವಿನಿಗಳ ಮೂಲ ಕರ್ನಾಟಕದ ಮಣ್ಣಿನಲ್ಲಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಪೇಟೆಯ ಬದಿಯಲ್ಲಿ ಹರಿದು ಬರುವ ಪಯಸ್ವಿನಿಯು ತೆಂಕಣಿಂದ ಬರುವ ಇನ್ನೊಂದು ಕವಲನ್ನು ಕೂಡಿ ಚಂದ್ರಗಿರಿಯೆನಿಸಿ ತಳಂಗರೆಯಲ್ಲಿ ಕಡಲು ಸೇರುತ್ತದೆ. ನಮ್ಮ ವಿದ್ಯಾರ್ಥಿನಿಯ ಮಾವನ ಮನೆಯ ಹಿಂದಿನ ಹೊಳೆ ಇದೇ. ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಕೆಂಪುನೀರು. ಅಲ್ಲಿ ತೋಟಗಳಿಗೆ ನೀರೆಳೆದರೆ ಇಲ್ಲಿ ಮಾರ್ಚಿಯಲ್ಲಿಯೇ ಹೊಳೆಯ ಕಲ್ಲು ಕಾಣುತ್ತದೆ, ಅಳಿವೆಯ ಉಪ್ಪು ಮೇಲಕ್ಕೇರುತ್ತದೆ. ಎರಡು ರಾಜ್ಯಗಳ ಎರಡು ಕಚೇರಿಗಳು ಒಂದೇ ನೀರನ್ನು ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತವೆ.

ಚಂದ್ರಗಿರಿಯನ್ನು ತುಳುನಾಡಿಗೂ ಮಲಯಾಳಕ್ಕೂ ನಡುವಣ ಪಾರಂಪರಿಕ ಗಡಿಯೆಂದು ಹೇಳುವುದುಂಟು. ಮಲಯಾಳದ ಕೆಲವು ಕುಲಗಳ ಸ್ತ್ರೀಯರು ಈ ಹೊಳೆಯನ್ನು ಬಡಗಲಿಗೆ ದಾಟಬಾರದೆಂಬ ಕಟ್ಟಳೆ ಹಿಂದೆ ಇತ್ತೆಂದು ಪ್ರತೀತಿ. ಬಡಗಲಿಗೆ ಭೂತದ ಕೋಲ, ತೆಂಕಲಿಗೆ ತೆಯ್ಯಂ. ಬಡಗಲಿಗೆ ತುಳು ಕನ್ನಡಗಳ ಪ್ರಾಚುರ್ಯ, ತೆಂಕಲಿಗೆ ಮಲಯಾಳದ್ದು. ಆದರೆ ಹೊಳೆ ಕಲ್ಲಿನ ಗೋಡೆಯಲ್ಲವಷ್ಟೆ. ಕಡವು ಇದ್ದಲ್ಲೆಲ್ಲ ದೋಣಿಯಿತ್ತು, ದೋಣಿಯಿದ್ದಲ್ಲೆಲ್ಲ ಕೊಡುಕೊಳೆಯಿತ್ತು. ಭೂತವನ್ನು ನಂಬುವವರೂ ತೆಯ್ಯವನ್ನು ನಂಬುವವರೂ ಒಂದೇ ಅಂಗಳದಲ್ಲಿ ನಿಲ್ಲುವ ಊರುಗಳು ಹೊಳೆಯ ಎರಡೂ ಬದಿಗಳಲ್ಲಿವೆ.

ಸುರಂಗ, ಮದಕ, ಕಟ್ಟ

ವರುಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿಯುವ ನಾಡಿಗೆ ನೀರಿನ ಚಿಂತೆಯೇಕೆ ಎಂದು ಹೊರಗಿನವರು ಕೇಳುತ್ತಾರೆ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದುಬಿಡುತ್ತದೆ. ಹೊಳೆಗಳು ಗಿಡ್ಡ, ಇಳಿಜಾರು ಕಡಿದು. ಬಿದ್ದ ನೀರು ಬೇಗನೆ ಕಡಲಿಗೆ ಓಡುತ್ತದೆ. ಮುರಕಲ್ಲಿನ ತೂತುಗಳಲ್ಲಿ ಇಂಗಿದಷ್ಟೇ ನಮ್ಮ ಪಾಲಿಗೆ ಉಳಿದದ್ದು.

ಆ ಉಳಿದ ನೀರನ್ನು ಹೊರಗೆ ತರಲು ಬಾಯಾರು, ಪೈವಳಿಕೆ, ಎಣ್ಮಕಜೆ ಮುಂತಾದ ಕಡೆಯ ಕೃಷಿಕರು ಕಂಡುಕೊಂಡ ಉಪಾಯವೇ ಸುರಂಗ. ಗುಡ್ಡದ ಬದಿಯಲ್ಲಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ನೆಟ್ಟಗೆ ನಿಲ್ಲುವಷ್ಟು ಎತ್ತರಕ್ಕೆ ಅಡ್ಡಲಾಗಿ ಕೊರೆಯುತ್ತ ಹೋಗುವುದು. ನೀರು ತಾನಾಗಿ ಹರಿದು ಹೊರಗೆ ಬರುವಂತೆ ಒಳಮುಖವಾಗಿ ನೆಲ ತುಸುತುಸುವೇ ಏರಬೇಕು. ಒಬ್ಬನು ಪಿಕ್ಕಾಸಿನಲ್ಲಿ ಅಗೆದರೆ ಇನ್ನೊಬ್ಬನು ಮಣ್ಣನ್ನು ಹೊರಗೆ ಸಾಗಿಸುವನು. ಒಳಗೆ ದೀಪ ನಂದಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬೇಕು. ಎಷ್ಟೋ ಸುರಂಗಗಳು ಹತ್ತಿಪ್ಪತ್ತು ಕೋಲುಗಳಲ್ಲಿ ನೀರು ಕೊಟ್ಟಿವೆ, ಕೆಲವು ನೂರಾರು ಅಡಿ ಹೋಗಿವೆ, ಕೆಲವು ನೀರು ಕೊಡದೆ ಅಗೆದವನ ಬೆವರನ್ನಷ್ಟೇ ಕುಡಿದಿವೆ. ಗಡಿಯಾಚೆ ಬಂಟ್ವಾಳ ತಾಲ್ಲೂಕಿನಲ್ಲಿ ಏಕಾಂಗಿಯಾಗಿ ಏಳು ಸುರಂಗಗಳನ್ನು ಕೊರೆದು ಬೋಳುಗುಡ್ಡವನ್ನು ತೋಟವನ್ನಾಗಿ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ದೊರೆತಾಗ, ಒಂದು ಸೀಮೆಯ ಅಜ್ಞಾತ ಅಗೆತಗಾರರಿಗೆಲ್ಲ ಆ ಗೌರವ ಸಂದಂತಾಯಿತು. ಗಡಿಯ ಎರಡೂ ಕಡೆಗಳಲ್ಲಿ ಕಲ್ಲು ಒಂದೇ, ವಿದ್ಯೆಯೂ ಒಂದೇ.

ಸುರಂಗದ ಜೊತೆಗೆ ಮದಕ ಮತ್ತು ಕಟ್ಟ. ಮದಕವೆಂದರೆ ಗುಡ್ಡದ ತಗ್ಗಿಗೆ ಮಣ್ಣಿನ ದಂಡೆ ಕಟ್ಟಿ ಮಳೆನೀರನ್ನು ನಿಲ್ಲಿಸುವ ಕೆರೆ. ಅಲ್ಲಿ ನಿಂತ ನೀರು ಇಂಗಿ ಕೆಳಗಿನ ಬಾವಿಗಳನ್ನು ಕಾಯುತ್ತದೆ. ಕಟ್ಟವೆಂದರೆ ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದ ಹಾಕುವ ತಾತ್ಕಾಲಿಕ ಒಡ್ಡು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಬರುವ ವರ್ಷ ಮತ್ತೆ ಊರವರೆಲ್ಲ ಕೂಡಿ ಹಾಕಬೇಕು. ಏತಡ್ಕದ ಕಡೆ ಒಂದರ ಕೆಳಗೊಂದರಂತೆ ಕಟ್ಟಗಳನ್ನು ಕಟ್ಟುವ ಪದ್ಧತಿ ಇಂದಿಗೂ ನಡೆದು ಬಂದಿದೆ. ಮೇಲಿನವನು ಕಟ್ಟದಿದ್ದರೆ ಕೆಳಗಿನವನ ಬಾವಿ ಬತ್ತುತ್ತದೆ. ನೀರು ನೆರೆಹೊರೆಯನ್ನು ಹೇಗೆ ಕಲಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ.

ಈ ನೀರಿನ ದಾರಿಯನ್ನು ಅರಿಯದೆ ನಡೆದ ಒಂದು ಕೆಲಸದ ಫಲವನ್ನೂ ಇಲ್ಲಿ ಹೇಳಲೇಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಪದವುಗಳ ಮೇಲಿನ ಸರಕಾರಿ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಮೇಲೆ ಬಿದ್ದ ವಿಷಕ್ಕೆ ಕೆಳಗಿಳಿಯದೆ ಬೇರೆ ದಾರಿಯಿರಲಿಲ್ಲ. ಪದವಿನ ನೀರು ತೋಡಿಗೂ ಬಾವಿಗೂ ಇಳಿಯುವ ನೀರು ತಾನೆ. ಎಣ್ಮಕಜೆಯ ಪಡ್ರೆ ಮೊದಲಾದ ಹಳ್ಳಿಗಳಲ್ಲಿ ಮಕ್ಕಳು ಅಂಗವೈಕಲ್ಯ, ಬುದ್ಧಿಮಾಂದ್ಯಗಳಿಂದ ನರಳಿದುದನ್ನು ಲೋಕವೆಲ್ಲ ಕಂಡಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ದೇಶದಲ್ಲೆಲ್ಲ ಆ ಔಷಧವನ್ನು ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಭೂಗೋಳವನ್ನು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಓದಿದ ಸಮಾಜವು ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದು ಆ ಮನೆಗಳಿಗೆ ಹೋದ ಶಿಕ್ಷಕರಿಗೆ ಗೊತ್ತು.

ಅರಸರೂ ಕೋಟೆಗಳೂ

ಈ ನೆಲದ ಹಳೆಯ ಆಡಳಿತವಿಭಾಗ ‘ಸೀಮೆ’. ಚಂದ್ರಗಿರಿಯ ಬಡಗಣ ಭಾಗ ಕುಂಬಳೆ ಸೀಮೆ. ಮಾಯಿಪ್ಪಾಡಿಯಲ್ಲಿ ಅರಮನೆಯಿದ್ದ ಕುಂಬಳೆಯ ಅರಸರು ಇದನ್ನಾಳಿದರು. ಅಡೂರು, ಮಧೂರು, ಕಾವು, ಕಣ್ಯಾರ ಎಂಬ ನಾಲ್ಕು ದೇವಸ್ಥಾನಗಳು ಸೀಮೆಯ ನಾಲ್ಕು ಕಂಬಗಳೆಂದು ಹಳಬರು ಎಣಿಸುತ್ತಾರೆ. ಅಡೂರು ಪಯಸ್ವಿನಿಯ ದಡದಲ್ಲಿ, ಮಧೂರು ಮಧುವಾಹಿನಿಯ ದಡದಲ್ಲಿ. ಸೀಮೆಯ ಕಟ್ಟಳೆಯನ್ನು ನಮ್ಮ ಹಿರಿಯರು ಹೊಳೆಯ ಬದಿಯಲ್ಲಿಯೇ ಕಟ್ಟಿದ್ದರೆಂಬುದಕ್ಕೆ ಇದೂ ಒಂದು ಸಾಕ್ಷಿ. ತಳಂಗರೆಯಲ್ಲಿ ದೊರೆತ ಹಳಗನ್ನಡ ಶಾಸನವೂ ಅನಂತಪುರದ ತುಳು ಶಾಸನವೂ ಈ ಎರಡು ನುಡಿಗಳ ಬಳಕೆ ಇಲ್ಲಿ ಎಷ್ಟು ಹಳೆಯದೆಂಬುದನ್ನು ಸಾರುತ್ತವೆ. ಚಂದ್ರಗಿರಿಯ ತೆಂಕಣ ನಾಡಿನಲ್ಲಿ ಕೋಲತ್ತಿರಿಗಳ, ನೀಲೇಶ್ವರದ ಅರಸರ ಪ್ರಭಾವ. ಪೋರ್ಚುಗೀಸ ಪ್ರವಾಸಿ ಬಾರ್ಬೊಸನು 16ನೆಯ ಶತಮಾನದ ಆರಂಭದಲ್ಲಿ ಕುಂಬಳೆಯ ರೇವಿನಿಂದ ಮಾಲ್ದೀವಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿದ್ದಾನೆ. ಬೈಲು ಮಜಲುಗಳ ಅಕ್ಕಿ ಹೊಳೆಯ ದಾರಿಯಿಂದ ಕಡಲಿಗೆ ಹೋದುದರ ಚಿತ್ರ ಇದು.

ವಿಜಯನಗರದ ಬಲ ಕುಗ್ಗಿದ ಮೇಲೆ ಕೆಳದಿಯ ನಾಯಕರು ಕರಾವಳಿಗಿಳಿದರು. ಕುಂಬಳೆಯ ಬಳಿಯ ಆರಿಕ್ಕಾಡಿ, ಚಂದ್ರಗಿರಿ, ಬೇಕಲ, ಹೊಸದುರ್ಗ ಎಂದು ಕೋಟೆಗಳ ಒಂದು ಸಾಲೇ ಇದೆ. ಬೇಕಲ ಕೋಟೆಯನ್ನು 17ನೆಯ ಶತಮಾನದ ನಡುವೆ ಶಿವಪ್ಪನಾಯಕನು ಕಟ್ಟಿಸಿದನೆಂದು ಸಾಮಾನ್ಯ ಅಭಿಪ್ರಾಯ. ಸುಮಾರು 40 ಎಕರೆಯ ಆ ಕೋಟೆ ಇಂದಿನ ಕೇರಳದಲ್ಲಿ ಅತಿ ದೊಡ್ಡದು. ಹೊಸದುರ್ಗವು ತರುವಾಯದ ಸೋಮಶೇಖರ ನಾಯಕನ ಕಾಲದ್ದು. ಹೆಸರೇ ಹೇಳುವಂತೆ ಅದು ‘ಹೊಸ’ ದುರ್ಗ. ಕೋಟೆಗಳಿಗೆ ಕಾವಲಾಗಿ ಘಟ್ಟದ ಮೇಲಿನಿಂದ ಬಂದ ಕನ್ನಡ ನುಡಿಯ ಸೈನಿಕರ ಸಂತತಿಯೇ ಕೋಟೆಯವರು ಎನಿಸಿಕೊಂಡ ರಾಮಕ್ಷತ್ರಿಯರು. ಬೇಕಲ, ಹೊಸದುರ್ಗಗಳ ಸುತ್ತ ಮಲಯಾಳದ ನಡುವೆ ಕನ್ನಡದ ದ್ವೀಪಗಳು ಹೇಗೆ ಉಂಟಾದುವೆಂಬ ಪ್ರಶ್ನೆಗೆ ಉತ್ತರ ಈ ಕೋಟೆಗಳ ಸಾಲಿನಲ್ಲಿದೆ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದರಿಂದ ಕೆಳದಿಯ ಈ ಕರಾವಳಿ ಮೈಸೂರಿನ ವಶಕ್ಕೆ ಹೋಯಿತು. 1799ರಲ್ಲಿ ಟಿಪ್ಪೂಸುಲ್ತಾನನು ಮಡಿದ ಮೇಲೆ ಅದು ಕುಂಪಣಿಯ ಕೆನರಾ ಜಿಲ್ಲೆಗೆ ಸೇರಿತು.

ತಾಲ್ಲೂಕು, ಜಿಲ್ಲೆ, ರಾಜ್ಯ

ಕೆನರಾದ ಮೊದಲ ಕಲೆಕ್ಟರ್ ತಾಮಸ್ ಮನ್ರೋ. ಅಂದು ನಮ್ಮ ಸೀಮೆಗೆ ಬೇಕಲ ತಾಲ್ಲೂಕೆಂದು ಹೆಸರಾಗಿತ್ತು; ಮುಂದೆ ಅದೇ ಕಾಸರಗೋಡು ತಾಲ್ಲೂಕಾಯಿತು. 1862ರಲ್ಲಿ ಕೆನರಾದ ಬಡಗಣ ಭಾಗ ಬೊಂಬಾಯಿ ಪ್ರಾಂತಕ್ಕೆ ಹೋಗಿ, ತೆಂಕಣ ಭಾಗ ದಕ್ಷಿಣ ಕನ್ನಡವೆಂಬ ಹೆಸರಿನಿಂದ ಮದರಾಸು ಪ್ರಾಂತದಲ್ಲಿ ಉಳಿಯಿತು. ಹೀಗೆ ನಾವು ಒಂದೂವರೆ ಶತಮಾನಕ್ಕೂ ಮಿಕ್ಕಿ ಮಂಗಳೂರಿನ ಕಚೇರಿಯನ್ನೇ ನೋಡುತ್ತಿದ್ದೆವು. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಮೊದಲಾದ ಭೂಮಿಯ ಮಾತುಗಳೆಲ್ಲ ಆ ಕಾಲದ ಕಡತಗಳಿಂದ ನಮ್ಮ ನಾಲಗೆಗೆ ಬಂದವು. 1907ರಲ್ಲಿ ಮಂಗಳೂರಿನವರೆಗೆ ರೈಲುದಾರಿ ಮುಗಿದಾಗ ಕಡಲಕರೆಯ ಊರುಗಳು ತೆಂಕಬಡಗಾಗಿ ಒಂದೇ ದಾರದಲ್ಲಿ ಪೋಣಿಸಲ್ಪಟ್ಟವು. ಅಲ್ಲಿಯವರೆಗೆ ಹೊಳೆಯ ದಾರಿಯಿಂದ ಮೂಡಲು ಪಡುವಲಾಗಿ ನಡೆಯುತ್ತಿದ್ದ ವ್ಯಾಪಾರವು ಅಂದಿನಿಂದ ತನ್ನ ದಿಕ್ಕನ್ನು ಬದಲಿಸಿತೆನ್ನಬಹುದು.

ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿಯೊಪ್ಪಿಸಿತು. ತಾಲ್ಲೂಕನ್ನು ಇಡಿಯಾಗಿ ತೆಗೆದುಕೊಂಡು, ಮಲಯಾಳ ಭಾಷಿಕರ ಬಹುಸಂಖ್ಯೆಯನ್ನು ಗಣಿಸಿ, ಕಾಸರಗೋಡು ಕೇರಳಕ್ಕೆಂದು ಅದು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. 1957ರ ಜನವರಿ 1ರಂದು ಮಲಬಾರು ಜಿಲ್ಲೆ ಮೂರಾಗಿ ಒಡೆದು ನಾವು ಕಣ್ಣೂರು ಜಿಲ್ಲೆಗೆ ಸೇರಿದೆವು; ಆ ವರ್ಷವೇ ಹಳೆಯ ತಾಲ್ಲೂಕು ಕಾಸರಗೋಡು, ಹೊಸದುರ್ಗ ಎಂದು ಎರಡಾಯಿತು. ಕನ್ನಡಿಗರ ಪ್ರತಿಭಟನೆ ನಿಲ್ಲಲಿಲ್ಲ. ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನರ ಆಯೋಗವು 1966ರಲ್ಲಿ ನೇಮಕವಾಗಿ, ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಹೇಳಿತು. ಆ ಶಿಫಾರಸು ಕಾರ್ಯಗತವಾಗಲಿಲ್ಲ. ಇದರಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಮೊದಲ ಆಯೋಗ ಎಣಿಸಿದುದು ತಾಲ್ಲೂಕನ್ನು, ಎರಡನೆಯದು ನೋಡಿದುದು ಹೊಳೆಯನ್ನು. ಯಾವ ಗೆರೆಯನ್ನು ಅಳತೆಗೋಲಾಗಿ ಹಿಡಿಯುತ್ತೇವೋ ಅದರಂತೆ ಉತ್ತರವೂ ಬೇರೆಯಾಗುತ್ತದೆ.

ರಾಜ್ಯ ಬದಲಾದುದು ನೆಲದ ಒಡೆತನದ ಮೇಲೂ ಪರಿಣಾಮ ಮಾಡಿತು. ಕೇರಳದ ಭೂಸುಧಾರಣೆಯ ಕಾಯಿದೆಗಳು 1970ರಿಂದ ಗೇಣಿಪದ್ಧತಿಯನ್ನು ತೊಡೆದುಹಾಕಿದುವು. ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. ಅದೇ ಕಾಯಿದೆಯನ್ನು ಪ್ರಶ್ನಿಸಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸಲಾಗದೆಂದು ತೀರ್ಪಿತ್ತಿತು. ಮಧುವಾಹಿನಿಯ ಬದಿಯ ಒಂದು ಮಠದ ಜಮೀನಿನ ತಕರಾರು ಭಾರತದ ನ್ಯಾಯಶಾಸ್ತ್ರದ ಆಧಾರಸ್ತಂಭವಾದುದು ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿ.

ಜನ, ನುಡಿ

ಈ ಸೀಮೆಯನ್ನು ಸಪ್ತಭಾಷೆಗಳ ಸಂಗಮಭೂಮಿಯೆಂದು ಕರೆಯುವುದು ವಾಡಿಕೆ. ಮಲಯಾಳ, ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳು ಎಣಿಸಿದರೂ ಹವ್ಯಕರ ಕನ್ನಡ, ಕರಾಡರ ಮಾತು, ಕೊರಗರ ನುಡಿ ಹೊರಗೆ ಉಳಿಯುತ್ತವೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಮಧೂರಿನ ದೇವಾಲಯ, ಬೇಳದ ಇಗರ್ಜಿ ಕೆಲವು ಹರದಾರಿಗಳೊಳಗೇ ಇವೆ.

ತೆಂಕುತಿಟ್ಟಿನ ಯಕ್ಷಗಾನದ ಆದ್ಯನೆಂದು ಗಣ್ಯನಾದ ಪಾರ್ತಿಸುಬ್ಬನು ಕುಂಬಳೆಯವನು. ಮಂಜೇಶ್ವರದಲ್ಲಿ ಕುಳಿತು ಶಾಸನ, ಕಾಲಗಣನೆ, ಸ್ಥಳನಾಮಗಳನ್ನು ಶೋಧಿಸಿದ ಗೋವಿಂದ ಪೈಗಳಿಗೆ 1949ರಲ್ಲಿ ಮದರಾಸು ಸರಕಾರವೇ ರಾಷ್ಟ್ರಕವಿ ಬಿರುದನ್ನು ಕೊಟ್ಟಿತು. ಪೆರಡಾಲದ ಶಾಲೆಯಲ್ಲಿ ಪಾಠ ಹೇಳುತ್ತಲೇ ಗಡಿನಾಡ ಕನ್ನಡಿಗರ ದನಿಯಾದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. ವೆಂಕಟರಾಜ ಪುಣಿಂಚತ್ತಾಯರು ಹಳೆಯ ತಾಡವೋಲೆಗಳಿಂದ ತುಳು ಮಹಾಕಾವ್ಯಗಳನ್ನು ಹೊರತೆಗೆದರು. ತೇಜಸ್ವಿನಿಯ ದಡದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ಹೋರಾಟವೂ 1943ರಲ್ಲಿ ನಾಲ್ವರು ಯುವಕರ ಗಲ್ಲೂ ಮಲಯಾಳ ಮಾತಾಡುವ ಜನರ ಕಥೆ. ಅದನ್ನು ‘ಚಿರಸ್ಮರಣೆ’ಯೆಂಬ ಕಾದಂಬರಿಯಾಗಿ 1955ರಲ್ಲಿ ಕನ್ನಡಕ್ಕೆ ಕೊಟ್ಟವರು ನೀಲೇಶ್ವರದಲ್ಲಿ ಓದಿದ ನಿರಂಜನರು. ನೆರೆಮನೆಯ ದುಃಖವನ್ನು ನಮ್ಮ ಮಾತಿನಲ್ಲಿ ಬರೆದಿಡುವ ಈ ಗುಣ ಗಡಿನಾಡಿಗೆ ಸಹಜವಾದುದು. ಇತ್ತೀಚೆಗೆ, 2024ರಲ್ಲಿ, 650ಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಕಾಪಾಡಿದುದಕ್ಕಾಗಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿಯವರೂ ಇದೇ ನೆಲದ ಕೃಷಿಕರು.

ಹೆಸರುಗಳಲ್ಲಿ ಉಳಿದ ಭೂಗೋಳ

ಕೊನೆಯದಾಗಿ ಹೆಸರುಗಳ ಮಾತು. ಕಾಸರಗೋಡು ಎಂಬುದು ಕೆರೆ ಎಂಬರ್ಥದ ‘ಕಾಸಾರ’ದಿಂದ ಬಂತೆಂದು ಕೆಲವರು, ‘ಕಾಸರಕ’ದ ಮರದಿಂದ ಬಂತೆಂದು ಇನ್ನು ಕೆಲವರು. ಹಳ್ಳಿಗಳ ಹೆಸರುಗಳನ್ನು ನೋಡಿದವರಿಗೆ ಮರವೇ ಹೆಚ್ಚು ಸಹಜವೆಂದು ತೋರುತ್ತದೆ. ಬದಿಯಡ್ಕ, ಕಾರಡ್ಕ, ಬೇಡಡ್ಕ, ಏತಡ್ಕ, ಬಂದಡ್ಕ — ಇವಿಷ್ಟನ್ನು ಹೇಳಿದರೆ ಮುರಕಲ್ಲಿನ ಅಡ್ಕಗಳ ಒಂದು ಪಟ್ಟಿಯೇ ಆಯಿತು. ಅಡ್ಕವಿದ್ದಲ್ಲಿ ಮಳೆನೀರು ನಿಲ್ಲುವ ಹಾಸುಗಲ್ಲುಂಟು, ಅದರ ಬುಡದಲ್ಲಿ ಸುರಂಗಕ್ಕೆ ನೀರುಂಟು ಎಂದು ಹೆಸರೇ ದಾರಿ ತೋರಿಸುತ್ತದೆ. ಕುಂಟಿಕಾನ ಎಂದರೆ ಒಂದು ಕಾಲಕ್ಕೆ ಅಲ್ಲಿ ಕಾನ, ಎಂದರೆ ಕಾಡು, ಇತ್ತೆಂದು ತಿಳಿಯುತ್ತದೆ. ಹೊಸಂಗಡಿ ಎಂದರೆ ಹೊಸ ಪೇಟೆ.

ಬೇಡಡ್ಕವು ಬೇಡಗಂ ಎಂದಾದಾಗ ಎರಡಕ್ಷರ ಮಾತ್ರ ಹೋದಂತೆ ಕಾಣುತ್ತದೆ. ಆದರೆ ಹೋದುದು ‘ಅಡ್ಕ’, ಮತ್ತು ಅದರೊಡನೆ ನೆಲದ ಕುರುಹು. 2021ರಲ್ಲಿ ಕೆಲವು ಊರುಗಳ ಹೆಸರುಗಳನ್ನು ಮಲಯಾಳದ ರೂಪಕ್ಕೆ ಬದಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಎರಡೂ ರಾಜ್ಯಗಳಲ್ಲಿ ಚರ್ಚೆಯೆದ್ದಿತು. ಅಂಥ ಆಲೋಚನೆಯಿಲ್ಲವೆಂದು ಕೇರಳದ ಕಡೆಯಿಂದ ಸಮಾಧಾನವೂ ಬಂತು. ನಮ್ಮ ಭಯ ಆಜ್ಞೆಯಿಂದ ಬರುವ ಬದಲಾವಣೆಗಿಂತ ಅಜ್ಞಾನದಿಂದ ಬರುವ ಬದಲಾವಣೆಯದು. ಬಸ್ಸಿನ ಫಲಕ, ಅಂಚೆಯ ಮೊಹರು, ಮೊಬೈಲಿನ ನಕ್ಷೆ ಇವುಗಳಲ್ಲಿ ಬರೆದವನಿಗೆ ತಿಳಿದಂತೆ ಹೆಸರು ಕೆಡುತ್ತದೆ. ನಮ್ಮ ಮಕ್ಕಳೇ ಅದನ್ನು ನಿಜವೆಂದು ಓದುತ್ತಾರೆ. ಮಲಯಾಳದ ಹೆಸರುಗಳಲ್ಲಿಯೂ ಇಷ್ಟೇ ಭೂಗೋಳವಿದೆ; ಅವರ ವಯಲೂ ನಮ್ಮ ಬಯಲೂ ಒಂದೇ ಮಾತಿನ ಎರಡು ರೂಪಗಳಷ್ಟೆ. ಹಾಗಿರುವುದರಿಂದ ಎರಡು ನುಡಿಗಳ ಶಿಕ್ಷಕರೂ ಕೂಡಿ ಮಾಡತಕ್ಕ ಕೆಲಸವಿದು.

1956ರ ಸಂವಿಧಾನ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆ ಅನುಕೂಲವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಪಡೆದ ತರಗತಿಯಲ್ಲಿ ಏನನ್ನು ಕಲಿಸುತ್ತೇವೆಂಬುದು ನಮ್ಮ ಹೊಣೆ. ಪ್ರತಿಯೊಂದು ಶಾಲೆಯೂ ತನ್ನ ಊರಿನ ಅಡ್ಕ, ಪದವು, ತೋಡು, ಮದಕ, ಸುರಂಗ, ಕಟ್ಟಗಳ ಹೆಸರುಗಳನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ ಎಂದು ನಮ್ಮ ಸಹೋದ್ಯೋಗಿಗಳಲ್ಲಿ ಬಿನ್ನವಿಸುತ್ತೇವೆ. ಇದಕ್ಕೆ ಸರಕಾರದ ಆಜ್ಞೆಯೂ ಬೇಡ, ಹಣವೂ ಬೇಡ. ಬೇಸಗೆ ರಜೆಯ ಕೆಲವು ಬೆಳಗುಗಳು ಸಾಕು.

ನಮ್ಮ ಶಾಲೆಯಲ್ಲಿ ಇಷ್ಟು ಮಾಡಿದ್ದೇವೆ. ಆ ಭೂಪಟದ ಬಲಗಡೆಯ ಅಂಚಿಗೆ ಒಂದು ದಪ್ಪ ಕಾಗದವನ್ನು ಅಂಟಿಸಿ, ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ನೀಲಿಯ ಪೆನ್ಸಿಲನ್ನು ಕೊಟ್ಟೆವು. ಅವಳು ಪಯಸ್ವಿನಿಯನ್ನು ಗೆರೆ ದಾಟಿಸಿ, ಸುಳ್ಯದ ಬದಿಯಲ್ಲಿ ಒಂದು ಸಣ್ಣ ಮನೆಯನ್ನು ಬರೆದು, ಹೊಳೆಯನ್ನು ಕೊಡಗಿನ ಬೆಟ್ಟದವರೆಗೆ ಒಯ್ದಳು. ಆ ಕಾಗದ ಈಗಲೂ ಅಲ್ಲಿಯೇ ಇದೆ.